ಎಷ್ಟು ಹೊತ್ತಿಗೆ ಎತ್ತೋದು?

ಅಂದಿನ ಫಜೀತಿಗೆಲ್ಲ ಕಾರಣ, ಅರ್ಧಪ್ಪ ಫೋನಿನಲ್ಲಿ ನುಂಗಿಕೊಂಡ ಒಂದೇ ಒಂದು ಪದ. ಅವನು ಮಾತು ನುಂಗುವುದು ಹೊಸದೇನಲ್ಲ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಯಾವ ವಾಕ್ಯವನ್ನೂ ದಡ ಮುಟ್ಟಿಸದ ಅವನನ್ನು ಬೀದಿಯವರೆಲ್ಲ ಅರ್ಧಪ್ಪ ಎಂದೇ ಕರೆಯತೊಡಗಿ, ಕೊನೆಗೆ ಅವನೂ ಆ ಹೆಸರಿಗೇ ಓಗೊಡುತ್ತಿದ್ದ.

ತಪ್ಪು ಅವನೊಬ್ಬನದೇ ಅಲ್ಲ. ಅವನಿಗೆ ಮಾತು ಬರುವ ಹೊತ್ತಿಗೆ ಅಣ್ಣ ಆಗಲೇ ಶಾಲೆಗೆ ಹೋಗುವ ದೊಡ್ಡ ಹುಡುಗ. ತಮ್ಮ “ಅಣ್ಣ, ನಂಗೆ ನೀ...” ಎನ್ನುವಷ್ಟರಲ್ಲಿ ಅಣ್ಣ “ನೀರು ಬೇಕಾ?” ಎಂದು ಮುಗಿಸಿ, ನೀರನ್ನೂ ತಂದು ಕೊಡುತ್ತಿದ್ದ. ಉಳಿದರ್ಧ ಹೇಳುವುದಕ್ಕೆ ಒಬ್ಬ ಸದಾ ಪಕ್ಕದಲ್ಲಿರುವಾಗ ಪೂರ್ತಿ ಹೇಳುವ ದಣಿವು ಯಾರಿಗೆ ಬೇಕು? ಅಣ್ಣ ಪಕ್ಕದಲ್ಲಿಲ್ಲದ ದಿನ ಮಾತ್ರ ಕಷ್ಟ. ಒಮ್ಮೆ ಅರ್ಧಪ್ಪ ತಾನು ಮೆಚ್ಚಿದ ಹುಡುಗಿಯ ಮುಂದೆ ನಿಂತು, ಧೈರ್ಯವನ್ನೆಲ್ಲ ಒಟ್ಟುಮಾಡಿ, “ನಿಮ್ಮನ್ನ ಕಂಡ್ರೆ ನನಗೆ...” ಎಂದು ನಿಲ್ಲಿಸಿದ. ಅವಳು “ಆಗಲ್ಲ, ಗೊತ್ತು ಬಿಡಿ” ಎಂದು ಎದ್ದು ಹೋದಳು. ಅಂದು ಅಣ್ಣ ಜ್ವರದಿಂದ ಮನೆಯಲ್ಲಿ ಮಲಗಿದ್ದ. ಅರ್ಧಪ್ಪ ಬ್ರಹ್ಮಚಾರಿಯಾಗಿಯೇ ಉಳಿದ.

ಅಣ್ಣ ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು. ಮಕ್ಕಳ ಕೈಲಿ ಕಾಲು ಅಲ್ಲಾಡುವ ಸ್ಟೂಲುಗಳನ್ನು ಮಾಡಿಸಿ ಮಾಡಿಸಿ ಬೇಸತ್ತು, ಒಂದು ದಿನ ಮನೆಯ ಹಿಂದಿನ ಶೆಡ್ಡಿನಲ್ಲಿ ಒಬ್ಬರೇ ಕೂರುವಂಥ ಪುಟ್ಟ ವಿಮಾನ ಕಟ್ಟಲು ಶುರು ಮಾಡಿದ. ತೆಳು ಹಲಗೆ ಕೂಡಿಸಿ ಅಣ್ಣ ರೆಕ್ಕೆಯ ಎಲುಬುಗಳನ್ನು ಅಂಟಿಸಿದರೆ, ಅವುಗಳ ಮೇಲೆ ಬಟ್ಟೆ ಎಳೆದು ಹೊಲಿದವರು ಅತ್ತಿಗೆ. ಬೀದಿಯವರು ನಕ್ಕರು. ವಿಮಾನ ಹಾರಿತು. ನಕ್ಕವರೇ ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಅತ್ತಿಗೆ ತೀರಿಕೊಂಡರು. ಆ ವಾರ ಅಣ್ಣ ಶೆಡ್ಡಿಗೆ ಹಾಕಿದ ಬೀಗ ತುಕ್ಕು ಹಿಡಿದು ಬಾಗಿಲಿಗೇ ಅಂಟಿಕೊಂಡಿತು. ಒಳಗೊಂದು ವಿಮಾನವಿದೆ ಎಂಬುದೂ ಜನಕ್ಕೆ ಮರೆತುಹೋಯಿತು.

ಅಣ್ಣನ ಎದೆಯ ಕಾಯಿಲೆಗೆ ಡಾಕ್ಟರು ಕೈಚೆಲ್ಲಿದ ಮಾರನೆಯ ಬೆಳಿಗ್ಗೆ ಅವನು ತಮ್ಮನನ್ನು ಮಂಚದ ಹತ್ತಿರ ಕರೆದ.

“ಲೋ, ಅದನ್ನ ಒಂದೇ ಒಂದು ಸಲ ಈ ಮನೆ ಮೇಲೆ ಸುತ್ತು ಹೊಡೆಸ್ತೀಯಾ? ಕಿಟಕಿಯಿಂದ ನೋಡಿಬಿಡ್ತೀನಿ.”

“ಅದಕ್ಕೇನಣ್ಣ...” ಎಂದ ಅರ್ಧಪ್ಪ.

ಉಳಿದರ್ಧವನ್ನು ಅಣ್ಣ ಅಂದು ಹೇಳಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿಕೊಂಡ. ಹಾಗಾಗಿ ಆ ಮಾತನ್ನು ಕೈಯಿಂದಲೇ ಪೂರ್ತಿ ಮಾಡುವ ಹೊಣೆ ಅರ್ಧಪ್ಪನ ತಲೆಗೆ ಬಂತು.

ಬೀಗ ಒಡೆದು ನೋಡಿದರೆ ಒಳಗೆ ವಿಮಾನಕ್ಕಿಂತ ಸಂಸಾರಗಳೇ ಹೆಚ್ಚು. ಸೀಟಿನ ಹತ್ತಿಯಲ್ಲಿ ಇಲಿಗಳು, ಗಾಳಿಯ ವೇಗ ಅಳೆಯುವ ಕೊಳವೆಯಲ್ಲಿ ಕಣಜದ ಹುಳುಗಳು, ಬಾಲದ ಮೇಲೆ ಬೀದಿಯ ಬೆಕ್ಕು. ಎಲ್ಲರೂ ಬಾಡಿಗೆ ಕೊಟ್ಟವರಂತೆ ಅವನನ್ನೇ ಗುರಾಯಿಸಿದರು. ಪೆಟ್ರೋಲು ಟ್ಯಾಂಕಿಯ ತಳದಲ್ಲಿ ಗೋಂದಾಗಿ ಕೂತಿತ್ತು. ಬಟ್ಟೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಅಂಗಡಿಯಲ್ಲಿ ಪರದೆ ಕತ್ತರಿಸಿ ಹೊಲಿಯುವುದು ಅರ್ಧಪ್ಪನ ಕಸುಬು. ಬಟ್ಟೆಯ ಕೆಲಸ ಅವನಿಗೆ ಬರುತ್ತಿತ್ತು, ಮರದ್ದು ಬರುತ್ತಿರಲಿಲ್ಲ. ರೆಕ್ಕೆಯ ಎಲುಬುಗಳನ್ನು ಒಂದೊಂದಾಗಿ ಬಿಚ್ಚಿ ಅಣ್ಣನ ಮಂಚಕ್ಕೆ ತರುತ್ತಿದ್ದ. ಅಣ್ಣ ಅಂಟಿನ ಜಾಗಕ್ಕೆ ನಾಣ್ಯದಿಂದ ಕುಟ್ಟಿ, ಕಿವಿಗೊಟ್ಟು, “ಇದು ಸತ್ತಿದೆ, ಇದು ಬದುಕಿದೆ” ಎಂದು ವಿಂಗಡಿಸುತ್ತಿದ್ದ. ಸತ್ತದ್ದನ್ನು ಮತ್ತೆ ಅಂಟಿಸುವುದು ಹೇಗೆಂದು ಮಲಗಿದಲ್ಲಿಂದಲೇ ಗದರಿ ಗದರಿ ಕಲಿಸಿದ.

ಹಳೆಯ ಬಟ್ಟೆ ಕಿತ್ತುಹಾಕುವ ದಿನ ಮಾತ್ರ ಗದರಲಿಲ್ಲ. ಅತ್ತಿಗೆಯ ಹೊಲಿಗೆಯಿದ್ದ ಒಂದು ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಬೆರಳಾಡಿಸಿದ. “ಇದನ್ನ ಒಳಗೆ ಎಲ್ಲಾದ್ರೂ ಸೇರಿಸು. ಅವಳು ಇಲ್ಲದೆ ಅದು ಮೇಲಕ್ಕೇಳಲ್ಲ” ಎಂದ. ಅರ್ಧಪ್ಪ ಅದನ್ನು ಎಡ ರೆಕ್ಕೆಯೊಳಗೆ, ಯಾರಿಗೂ ಕಾಣದ ಕಡೆ ಹೊಲಿದು, ಮೇಲೆ ಹೊಸ ಬಿಳಿ ಬಟ್ಟೆ ಬಿಗಿದ. ಎಂಜಿನ್ನಿಗೆ ಒಬ್ಬ ಮೆಕ್ಯಾನಿಕ್ ಸಿಕ್ಕಿದ. ಪರೀಕ್ಷೆ ಮಾಡುವ ಅಧಿಕಾರಿ ಬಂದು ಎಲ್ಲೆಡೆ ಕುಟ್ಟಿ, ಜಗ್ಗಿ, ಬೇರೆ ಯಾವ ತಪ್ಪೂ ಸಿಗದೆ ಬೆಕ್ಕನ್ನು ಇಳಿಸಲು ಹೇಳಿ ಒಪ್ಪಿಗೆ ಕೊಟ್ಟು ಹೋದ. ಹಾರಿಸಬೇಕೆಂದಿದ್ದ ದಿನದ ಹಿಂದಿನ ರಾತ್ರಿ, ಬಟ್ಟೆಯನ್ನು ಬಿಗಿಗೊಳಿಸುವ ವಾರ್ನಿಷ್ಷಿನ ಕೊನೆಯ ಕೈ ಬಳಿದದ್ದೂ ಮುಗಿಯಿತು.

ಬೆಳಗಿನ ಹೊತ್ತು ಅಣ್ಣನಿಗೆ ಉಸಿರು ಸಲೀಸು. ಹೊತ್ತು ಇಳಿದಂತೆ ಅವನೂ ಇಳಿಯುತ್ತಿದ್ದ. ಆದ್ದರಿಂದ ಮಧ್ಯಾಹ್ನದೊಳಗೆ ವಿಮಾನ ಮೇಲೇರಬೇಕಿತ್ತು. ಊರಾಚೆಯ ಹಾರುವ ಬಯಲಿಗೆ ಒಯ್ಯಲು ಲಾರಿ ಗೊತ್ತು ಮಾಡಿ ಆಗಿತ್ತು, ಆದರೆ ಬಿಚ್ಚಿಟ್ಟ ರೆಕ್ಕೆಗಳನ್ನೂ ಒಡಲನ್ನೂ ಶೆಡ್ಡಿನಿಂದ ಬೀದಿಗೆ ಮೆಟ್ಟಿಲು ಇಳಿಸಲು ಜನ ಬೇಕು. ಅರ್ಧಪ್ಪ ಪರದೆ ಅಂಗಡಿಯ ಯಜಮಾನರಿಗೆ ಫೋನು ಮಾಡಿದ.

“ಯಜಮಾನ್ರೇ, ಇವತ್ತು ನಾನು ಅಂಗಡಿಗೆ... ಅಣ್ಣಂದು...”

ಮೇಷ್ಟ್ರ ಕಾಯಿಲೆ ಯಜಮಾನರಿಗೆ ಗೊತ್ತಿತ್ತು. “ಅಯ್ಯೋ ಪಾಪ. ಯಾವಾಗ ಆಯ್ತಪ್ಪ?”

“ನಿನ್ನೆ ರಾತ್ರಿ ಆಯ್ತು. ತುಂಬ ದಿನದಿಂದ ಎಳೀತಾ ಇತ್ತಲ್ಲ, ಅಂತೂ...”

“ಬಿಡುಗಡೆ ಅಂದ್ಕೋ. ಬಟ್ಟೆ ಹೊದಿಸಿದ್ದೀರಾ?”

“ಹೊದಿಸಿದ್ದೀನಿ. ನಮ್ಮಂಗಡಿ ಬಿಳೀ ಬಟ್ಟೇನೇ. ನಾನೇ ಕೂತು ಹೊಲಿದು...”

ಯಜಮಾನರು ಕಣ್ಣು ಒರೆಸಿಕೊಂಡರು. ಆ ಬಟ್ಟೆಗೆ ತಾವು ಒಂದಿಷ್ಟೂ ಬೆಲೆ ಇಳಿಸದೆ ಕೊಟ್ಟದ್ದು ನೆನಪಾಗಿ ಇನ್ನೊಮ್ಮೆ ಒರೆಸಿಕೊಂಡರು. “ಎಷ್ಟು ಹೊತ್ತಿಗೆ ಎತ್ತೋದು?”

“ಹತ್ತಕ್ಕೆ ಎತ್ತೋಣ ಅಂತ. ಹೊರೋಕೆ ನಾಲ್ಕು ಜನ ಗಟ್ಟಿಮುಟ್ಟಾಗಿರೋರು...”

“ನಾಲ್ಕು ಜನ ಯಾಕೆ, ಊರೇ ಬರತ್ತೆ. ನೀನು ಧೈರ್ಯವಾಗಿರು.”

ಯಜಮಾನರು ಎಷ್ಟು ಒಳ್ಳೆಯವರು ಎಂದುಕೊಂಡು ಅರ್ಧಪ್ಪ ಶೆಡ್ಡಿಗೆ ಹೋದ. ಒಳ್ಳೆಯವರೇನೋ ಹೌದು. ಅದರಲ್ಲೂ ಸಾವಿನ ಮನೆಯಲ್ಲಿ ಎದ್ದು ನಿಂತು ನಾಲ್ಕು ಮಾತಾಡುವುದರಲ್ಲಿ ಅವರದು ಎತ್ತಿದ ಕೈ.

ಹೇಳಿದ ಹೊತ್ತಿಗೆ ಗೇಟಿನ ಮುಂದೆ ಜನ ನೆರೆದರು. ಅಂಗಡಿಯವರೆಲ್ಲ ಇದ್ದರು, ಮೇಷ್ಟ್ರ ಹಳೆಯ ಶಿಷ್ಯರಿದ್ದರು. ಮುಂದೆ ಯಜಮಾನರು, ತೋಳಿನಲ್ಲಿ ಲಾರಿ ಟೈರಿನಷ್ಟು ದೊಡ್ಡ ಹೂವಿನ ಚಕ್ರ. ವಾರ್ನಿಷ್ಷಿನ ಘಾಟಿಗೆ ಕಣ್ಣು ಕೆಂಪಗಾಗಿ ನೀರು ಸುರಿಸುತ್ತ ಅರ್ಧಪ್ಪ ಶೆಡ್ಡಿನಿಂದ ಹೊರಬಂದದ್ದೇ ತಡ, ಯಜಮಾನರು ಅವನನ್ನು ಬಾಚಿ ತಬ್ಬಿಕೊಂಡರು.

“ಅಳಬೇಡ. ಅಣ್ಣ ಎಲ್ಲಿ?”

“ಮುಂದಿನ ಕೋಣೇಲಿ. ಕಿಟಕಿ ಹತ್ರ ಕೂರಿಸಿ...”

“ಕೂರಿಸಿದ್ದೀಯಾ?”

“ಅವನೇ ಕೂರಿಸು ಅಂದ.”

“ಯಾವಾಗ ಅಂದ?”

“ಈಗ.”

ಯಜಮಾನರು ಅವನ ಬೆನ್ನು ತಟ್ಟಿ, ಹಿಂದಿದ್ದವರಿಗೆ “ದುಃಖಕ್ಕೆ ತಲೆ ಕೆಟ್ಟಿದೆ” ಎಂದು ಕಣ್ಸನ್ನೆ ಮಾಡಿ ಒಳಗೆ ನುಗ್ಗಿದರು. ಒಳಗೆ ಮೇಷ್ಟ್ರು ದಿಂಬಿಗೆ ಒರಗಿ ಟೀ ಕುಡಿಯುತ್ತಿದ್ದರು. ಹಿಂದಿದ್ದ ಒಬ್ಬ ಶಿಷ್ಯ ಗೇಟಿನವರೆಗೆ ಓಡಿದ. ಯಜಮಾನರಿಗೆ ಓಡಲು ಹೂವು ಬಿಡಲಿಲ್ಲ.

ಮೇಷ್ಟ್ರು ಹೂವಿನ ಚಕ್ರ ನೋಡಿದರು, ಯಜಮಾನರ ಮುಖ ನೋಡಿದರು, ಬಾಗಿಲಲ್ಲಿ ನಿಂತ ತಮ್ಮನ ಕಡೆ ತಿರುಗಿದರು. ತಮ್ಮ ನುಂಗಿದ್ದನ್ನು ಹೊರಗೆಳೆಯುವುದು ಅವರಿಗೆ ಜೀವಮಾನದ ಅಭ್ಯಾಸ.

“ಲೋ, ಫೋನಲ್ಲಿ ‘ವಿಮಾನ’ ಅನ್ನೋದನ್ನ ನುಂಗಿದ್ಯಾ?”

“ಹೂಂ, ಅದು...”

“ಕೂತ್ಕೊಳ್ಳಿ ಯಜಮಾನ್ರೇ. ನನ್ನ ಬಗ್ಗೆ ಏನೋ ಮಾತಾಡೋಕೆ ತಯಾರಾಗಿ ಬಂದಿರ್ತೀರಿ. ಆಡಿಬಿಡಿ. ಆಮೇಲೆ ಆಡಿದ್ರೆ ನನಗೆ ಕೇಳಿಸಲ್ಲ.”

ಯಜಮಾನರು ಬೆವರು ಒರೆಸಿಕೊಂಡು ಎದ್ದು ನಿಂತರು. “ಮೇಷ್ಟ್ರು ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ...”

“ಸುಳ್ಳು. ನಿಮ್ಮ ಮಗನಿಗೆ ದಿನಾ ಆಡಿದ್ದೀನಿ. ಮುಂದೆ.”

“ಅವರು ಕಲಿಸಿಕೊಟ್ಟು ಮಾಡಿಸಿದ ಸ್ಟೂಲುಗಳು ಅವರು ಹೋದ ಮೇಲೂ...”

“ಅಲ್ಲಾಡ್ತಾನೇ ಇರ್ತವೆ. ಮುಂದೆ.”

ಮೊದಲು ನಕ್ಕವರು ಮೇಷ್ಟ್ರೇ. ಆಮೇಲೆ ಕೋಣೆಯೆಲ್ಲ ನಕ್ಕಿತು. ಅತ್ತಿಗೆ ಹೋದ ಮೇಲೆ ಆ ಮನೆಯಲ್ಲಿ ಅಂಥ ನಗು ಎದ್ದಿರಲಿಲ್ಲ. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಅರ್ಧಪ್ಪ ಓಡಿ ಬಂದು ಅಣ್ಣನ ಬೆನ್ನು ನೀವುತ್ತ ಕೂತ. ಸಮಾಧಾನವಾಗುವ ಹೊತ್ತಿಗೆ ಹತ್ತು ಗಂಟೆ ಎಂಬುದು ಹಳೆಯ ಮಾತಾಗಿತ್ತು. ಜನ ಶೆಡ್ಡಿನ ಕಡೆ ಹೊರಟ ಮೇಲೆ ಅಣ್ಣ ತಮ್ಮನ ಮಣಿಕಟ್ಟು ಹಿಡಿದ.

“ಒಂದು ವಾಕ್ಯ ಅಂದ್ರೆ ಅದಕ್ಕೆ ಕರ್ತೃ, ಕರ್ಮ, ಕ್ರಿಯಾಪದ ಮೂರೂ ಬೇಕು ಕಣೋ. ಇನ್ನಾದ್ರೂ ಪೂರ್ತಿ ಹೇಳೋದು ಕಲಿ. ನಾನು ಹೋದ ಮೇಲೆ ನಿನ್ನ ಉಳಿದರ್ಧ ಯಾರು ಹೇಳ್ತಾರೆ?”

“ಅಣ್ಣ, ನೀನು ಹಾಗೆಲ್ಲ...”

“ಅನ್ನಬಾರದು. ಸರಿ, ಅನ್ನಲ್ಲ ಬಿಡು. ಹೋಗು, ಹೊತ್ತಾಯ್ತು.”

ಬಾಗಿಲಲ್ಲಿದ್ದ ಯಜಮಾನರಿಗೆ ಈ ಮಾತು ಕೇಳಿಸಿ, ಬಹಳ ಹಿಡಿಸಿತು. ಪೆಚ್ಚಾದ ಮುಖಕ್ಕೆ ಏನಾದರೊಂದು ಆಸರೆ ಬೇಕಿತ್ತು. ದಿನವಿಡೀ ಅದನ್ನೇ ಬಳಸಿದರು. ಅರ್ಧಪ್ಪ “ಬಾಲ ಸ್ವಲ್ಪ...” ಎಂದರೆ “ಕ್ರಿಯಾಪದ?” ಎನ್ನುವರು. ಅವನು “ಎತ್ತಿ” ಎನ್ನುವಷ್ಟರಲ್ಲಿ ಬಾಲ ಮೆಟ್ಟಿಲಿಗೆ ತಗುಲಿರುತ್ತಿತ್ತು.

ಪಕ್ಕದ ಮನೆಯ ಅಕ್ಕನನ್ನು ಅಣ್ಣನ ಬಳಿ ಕೂರಿಸಿ ಮೆರವಣಿಗೆ ಹೊರಟಿತು. ಮೆರವಣಿಗೆ ಎನ್ನಲು ಕಾರಣ ಲಾರಿಯವನು. ಬೀದಿಯ ತುದಿಯಲ್ಲಿ ಕಾಯುತ್ತಿದ್ದ ಅವನಿಗೆ ಮೊದಲು ಕಂಡದ್ದು ಹೂವು, ಆಮೇಲೆ ಕೆಂಪು ಕಣ್ಣಿನ ಅರ್ಧಪ್ಪ, ಹಿಂದೆ ಹೆಗಲ ಮೇಲೆ ಬಿಳಿ ಬಟ್ಟೆ ಬಿಗಿದ ಉದ್ದನೆಯ ಏನೋ. “ನಂದು ಸಾಮಾನು ಹೊರೋ ಗಾಡಿ” ಎಂದವನೇ ಅವನು ಲಾರಿ ತಿರುಗಿಸಿಕೊಂಡು ಹೋಗೇ ಬಿಟ್ಟ.

“ಇದೂ ಸಾಮಾನೇ...” ಎಂದು ಅರ್ಧಪ್ಪ ಹಿಂದೆ ಓಡಿದ. ಆದರೆ ಓಡುವ ಲಾರಿಗೆ ಅರ್ಧ ವಾಕ್ಯ ಯಾವ ಲೆಕ್ಕ?

ಹಾರುವ ಬಯಲಿಗೆ ನಡೆದೇ ಹೋಗಬೇಕಾಯಿತು. ಒಡಲು ತನ್ನ ಚಕ್ರಗಳ ಮೇಲೆ ಉರುಳಿತು, ರೆಕ್ಕೆಗಳು ಹೆಗಲ ಮೇಲೆ ಸಾಗಿದವು. ಅಂಗಡಿಯವರು ಬಾಗಿಲು ಅರ್ಧಕ್ಕೆ ಎಳೆದು ಗೌರವದಿಂದ ಹೊರಗೆ ನಿಂತರು. ಒಬ್ಬ ಮುದುಕ ಟೋಪಿ ತೆಗೆದು, “ಎಷ್ಟು ಉದ್ದವಾಗಿದ್ದರು ಪಾಪ” ಎಂದ. ವೃತ್ತದಲ್ಲಿ ಪೊಲೀಸಿನವನು ವಾಹನಗಳನ್ನೆಲ್ಲ ನಿಲ್ಲಿಸಿ ಸೆಲ್ಯೂಟ್ ಹೊಡೆದ. ಎರಡನೆಯ ರೆಕ್ಕೆಯೂ ಬಂದಾಗ ಇಬ್ಬರಿರಬೇಕೆಂದು ಮತ್ತೊಂದು ಹೊಡೆದ. ಹಿಂದೆ ಪ್ರೊಪೆಲ್ಲರ್ ಹೊತ್ತ ವಿಮಾನದ ಮೂತಿ ಬಂದದ್ದನ್ನು ಕಂಡು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ಎಲ್ಲರನ್ನೂ ಪಕ್ಕಕ್ಕೆ ನಿಲ್ಲಿಸಿ ಇದೇನು ಎತ್ತ ಎಂದು ವಿಚಾರಣೆ ಶುರು ಮಾಡಿದ. ಅವನಿಗೆ ಉತ್ತರ ಹೇಳಲು ಜನ ಮುಂದೆ ತಳ್ಳಿದ್ದು ಅರ್ಧಪ್ಪನನ್ನು. ಎಷ್ಟು ಹೊತ್ತು ಹಿಡಿದಿರಬಹುದು ಎಂದು ಬೇರೆ ಹೇಳಬೇಕಾಗಿಲ್ಲ.

ಬಯಲಿನಲ್ಲಿ ಪೈಲಟಮ್ಮ ಬೆಳಿಗ್ಗೆಯಿಂದ ಕಾದು ಕುಳಿತಿದ್ದರು. ಚಿಕ್ಕಂದಿನಲ್ಲಿ ಮೇಷ್ಟ್ರ ಕೈಕೆಳಗೆ ಸ್ಟೂಲು ಮಾಡಿದವರೇ. ರೆಕ್ಕೆ ಕೂಡಿಸಿ, ಬೋಲ್ಟು ಬಿಗಿದು, ತಂತಿಗಳನ್ನು ಎಳೆದು ನೋಡುವಷ್ಟರಲ್ಲಿ ನೆರಳು ಉದ್ದವಾಯಿತು. ಇನ್ನೇನು ಎಂಜಿನ್ ಶುರುವಾಗಬೇಕು, ಯಜಮಾನರಿಗೆ ಒಳ್ಳೆಯ ಬುದ್ಧಿ ಹುಟ್ಟಿತು. ತಂದ ಹೂವು ವ್ಯರ್ಥವಾಗಬಾರದೆಂದು, ಯಾರೂ ನೋಡದಾಗ ಚಕ್ರವನ್ನು ವಿಮಾನದ ಮೂತಿಗೆ ಕಟ್ಟಿದರು. ಎಂಜಿನ್ ಗುಡುಗಿತು. ಒಂದು ಕ್ಷಣ ಬಯಲಿಗೆಲ್ಲ ಹೂವಿನ ಮಳೆ. ಜನ ಚಪ್ಪಾಳೆ ತಟ್ಟಿದರು. ಮರುಕ್ಷಣ ಉಳಿದ ಎಸಳುಗಳನ್ನೆಲ್ಲ ಎಂಜಿನ್ನು ತಣ್ಣಗಾಗಲು ಗಾಳಿ ಎಳೆದುಕೊಳ್ಳುವ ಬಾಯಿ ನುಂಗಿ, ಒಳಗಿನಿಂದ ಸುಟ್ಟ ಹೂವಿನ ಹೊಗೆ ಬಂತು.

ಅರ್ಧಪ್ಪ ಮೂತಿಯ ಮುಚ್ಚಳ ಬಿಚ್ಚಿ, ಎಂಜಿನ್ನಿನ ಲೋಹದ ಪಟ್ಟಿಗಳ ಸಂದಿಯಿಂದ ಎಸಳುಗಳನ್ನು ಒಂದೊಂದಾಗಿ ಕೀಳತೊಡಗಿದ. ಬಿಸಿಗೆ ಬೆರಳು ಸುಡುತ್ತಿತ್ತು. ನಡುನಡುವೆ ತಿರುಗಿ ಸೂರ್ಯನನ್ನು ನೋಡುತ್ತಿದ್ದ. ಯಜಮಾನರು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು ಕಿತ್ತ ಎಸಳುಗಳನ್ನು ಟೋಪಿಯಲ್ಲಿ ಹಿಡಿದರು. ಅವರನ್ನು ಬೈಯಲು ಅರ್ಧಪ್ಪನಿಗೆ ತುಂಬ ಆಸೆಯಾಯಿತು, ಆದರೆ ಬೈಗುಳವನ್ನಾದರೂ ಪೂರ್ತಿ ಮಾಡುವ ಚೈತನ್ಯ ಉಳಿದಿರಲಿಲ್ಲ. ಎಲ್ಲ ಮುಗಿದಾಗ ಪೈಲಟಮ್ಮ ಆಕಾಶ ನೋಡಿದರು.

“ಬೆಳಕು ಸಾಲದು. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ ಮಾಡೋಣ.”

“ನಾಳೆ ಅಣ್ಣ...” ಎಂದ ಅರ್ಧಪ್ಪ.

ಅಂದು ಅವನ ಅರ್ಧ ಮಾತನ್ನು ಸರಿಯಾಗಿ ತಿಳಿದುಕೊಂಡವರು ಆಕೆಯೊಬ್ಬರೇ. ಟೋಪಿ ಹಾಕಿಕೊಂಡು, “ಒಂದೇ ಸುತ್ತು” ಎಂದು ಹತ್ತಿ ಕೂತರು.

ವಿಮಾನ ಹುಲ್ಲಿನ ಮೇಲೆ ಕುಂಟುತ್ತ ಓಡಿತು. ಕುಂಟುವುದು ನಿಂತಿತು. ಚಕ್ರದ ಕೆಳಗೆ ಒಂದಿಷ್ಟು ಆಕಾಶ ಕಂಡಿತು. ಅರ್ಧಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಇಳಿಬಿಸಿಲಿನಲ್ಲಿ ಹೊಸ ಬಟ್ಟೆಯ ಎಡ ರೆಕ್ಕೆ ಬಾಗಿ, ವಿಮಾನ ಊರಿನ ಕಡೆ ತಿರುಗಿ, ದೂರದಲ್ಲಿ, ಅವರ ಮನೆ ಇರುವಲ್ಲಿ, ನಿಧಾನವಾಗಿ ಒಂದು ಸುತ್ತು ಹಾಕಿತು. ಜನ ಕುಣಿದರು. ಯಜಮಾನರು ಈ ಸಲ ನಿಜವಾಗಿಯೂ ಅತ್ತರು. ಅರ್ಧಪ್ಪ ಮಾತ್ರ ಅದು ಇಳಿಯುವುದನ್ನೂ ನೋಡದೆ ಮನೆಯತ್ತ ಓಟ ಕಿತ್ತ. ಕಾಣಿಸಿತಾ ಎಂದು ಅಣ್ಣನನ್ನು ಕೇಳಬೇಕಿತ್ತು.

ಗೇಟಿನಲ್ಲಿ ಪಕ್ಕದ ಮನೆಯ ಅಕ್ಕ ಏದುಸಿರು ಬಿಡುತ್ತ ತಮ್ಮ ಮಹಡಿಯಿಂದ ಇಳಿದು ಬರುತ್ತಿದ್ದರು. “ಎಷ್ಟು ಚೆನ್ನಾಗಿತ್ತಪ್ಪ. ಸದ್ದು ಕೇಳಿ ತಡೆಯಕ್ಕಾಗದೆ ಮೇಲೆ ಓಡಿದೆ. ಕಾಣಿಸ್ತಾ ಮೇಷ್ಟ್ರೇ ಅಂತ ಅಲ್ಲಿಂದಲೇ ಕೂಗಿದೆ. ಅವರು ಮಾತಾಡಲಿಲ್ಲ. ನೋಡ್ತಾ ಮೈಮರೆತಿದ್ದಾರೆ ಅಂದ್ಕೊಂಡೆ.”

ಅಣ್ಣ ಕಿಟಕಿಯ ಕಡೆ ಮುಖ ಮಾಡಿ ದಿಂಬಿಗೆ ಒರಗಿದ್ದ. ದೂರದ್ದನ್ನು ನೋಡುವ ಕನ್ನಡಕ ಕೈಯಲ್ಲಿತ್ತು. ನೋಡಿ ಮುಗಿಸಿ ತೆಗೆದದ್ದೋ, ನೋಡಲೆಂದು ಹಾಕಿಕೊಳ್ಳಲು ಹೊರಟದ್ದೋ, ಕೈ ಹೇಳಲಿಲ್ಲ. ಬೆರಳು ಇನ್ನೂ ಬೆಚ್ಚಗಿತ್ತು.

“ಅಣ್ಣ, ನಿನಗೆ...” ಎಂದು ಅರ್ಧಪ್ಪ ಕಾದ.

ಕಾಣಿಸ್ತು ಎಂದೋ, ಇಲ್ಲ ಎಂದೋ, ಯಾವುದಾದರೂ ಒಂದನ್ನು ಹೇಳಿ ಮುಗಿಸಬೇಕಾದವನು ಸುಮ್ಮನಿದ್ದ. ಬಾಳಿಡೀ ಉಳಿದರ್ಧ ಹೇಳಿದವನು ಇದೊಂದನ್ನು ಹೇಳದೆ ಹೋಗಿದ್ದ. ಅರ್ಧಪ್ಪ ಮಂಚದ ಕಾಲ ಬಳಿ ಕೂತು, ಸುಟ್ಟ ಬೆರಳುಗಳಿಂದ ಅಣ್ಣನ ಕೈ ಹಿಡಿದು, ಅಕ್ಕ ಬಂದು ಭುಜ ಮುಟ್ಟುವವರೆಗೂ ಅತ್ತ.

ಆಮೇಲೆ ಫೋನು ತೆಗೆದುಕೊಂಡ. ಹೊರಲು ಜನ ಬೇಕಲ್ಲ. ಅತ್ತಲಿಂದ ಬಯಲಿನ ಗದ್ದಲ, ನಗು, ಯಾರೋ ಡಬ್ಬಿ ಬಡಿಯುತ್ತಿದ್ದ ಸದ್ದು ಕೇಳಿಸಿತು.

“ಯಜಮಾನ್ರೇ, ಅಣ್ಣ ಹೋದ.”

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋನನ್ನು ಬಾಯಿಂದ ದೂರ ಹಿಡಿದು, “ಕೇಳ್ರಪ್ಪ, ಮತ್ತೆ ಶುರು ಮಾಡಿದ” ಎಂದು ಪಕ್ಕದವರಿಗೆ ಹೇಳಿದ್ದೂ ಕೇಳಿಸಿತು. “ಒಂದು ಸಲ ಬೇಸ್ತು ಬಿದ್ದಿದ್ದು ಸಾಕು ಮಾರಾಯ. ಹೋದ, ಸರಿ. ಎಲ್ಲಿಗೆ ಹೋದ? ಏನು ತರೋಕೆ ಹೋದ? ಈ ಸಲ ಏನನ್ನ ಎತ್ತಬೇಕು? ಮೇಷ್ಟ್ರು ಬೆಳಿಗ್ಗೆ ಏನು ಹೇಳಿಕೊಟ್ರು, ಮರೆತ್ಯಾ? ಕರ್ತೃ ಇದೆ, ಕ್ರಿಯಾಪದ ಇದೆ. ಕರ್ಮ ಎಲ್ಲಿ?”

“ಇದಕ್ಕೆ ಕರ್ಮ ಬೇಕಾಗಿಲ್ಲ ಯಜಮಾನ್ರೇ” ಎಂದ ಅರ್ಧಪ್ಪ. “ಮಾತು ಪೂರ್ತಿ ಅಷ್ಟೇ.”

ಅತ್ತಲಿನವರು ಉಳಿದರ್ಧಕ್ಕೆ ಕಾಯುತ್ತಲೇ ಇದ್ದರು.